ಅಂಗಳದ ಪುಟ್ಟ ನಾಯಿಗೆ ಜೇನು, ಕಣಜದ ಕಂಟಕ: ಕಾಪಾಡುವುದು ಹೇಗೆ?

ಮಂಗಳೂರು: ರಾತ್ರಿಯಿಡೀ ಉರಿದ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಬೆಳಿಗ್ಗೆ ನಾಲ್ಕಾರು ಹೆಜ್ಜೇನು ನೊಣಗಳು ಬಿದ್ದಿರುವುದು ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಹೊಸ ಸಂಗತಿಯಲ್ಲ. ಬೆಳಕಿಗೆ ಆಕರ್ಷಿತವಾಗಿ ಬಂದು, ದೀಪಕ್ಕೆ ಬಡಿದು, ಬಳಲಿ ನೆಲಕ್ಕುರುಳುವ ಇವುಗಳ ಪೈಕಿ ಕೆಲವು ಸತ್ತಿರುತ್ತವೆ, ಕೆಲವು ತೆವಳುತ್ತಿರುತ್ತವೆ. ಮನೆಯವರು ಪೊರಕೆ ಹಿಡಿದು ಬರುವ ಮೊದಲೇ ಅಲ್ಲಿಗೆ ಮೂಗು ಚಾಚುವುದು ಮನೆಯ ನಾಯಿ. ಮೂಸಿ ನೋಡುತ್ತದೆ, ಕಾಲಿನಿಂದ ಕೆದಕುತ್ತದೆ, ಕೊನೆಗೆ ಬಾಯಿ ಹಾಕುತ್ತದೆ. ಸತ್ತ ಜೇನು ಕೂಡ ಕೆಲವು ಗಂಟೆಗಳವರೆಗೆ ಚುಚ್ಚಬಲ್ಲದು ಎಂಬುದು ನಾಯಿಗೆ ತಿಳಿದಿಲ್ಲ. ಹಲವು ಮಾಲೀಕರಿಗೂ ತಿಳಿದಿಲ್ಲ.

ಆಳೆತ್ತರದ ನಾಯಿಯಾದರೆ ಒಂದೆರಡು ಬಾರಿ ಕುಂಯ್‌ಗುಟ್ಟಿ ಸುಮ್ಮನಾಗಬಹುದು. ಆದರೆ ಮೂರು ನಾಲ್ಕು ಕಿಲೋ ತೂಕದ ಪೊಮೆರೇನಿಯನ್, ಡ್ಯಾಶ್‌ಹೌಂಡ್, ಪಗ್ ಅಥವಾ ಎರಡು ತಿಂಗಳ ನಾಟಿ ಮರಿಯ ವಿಷಯದಲ್ಲಿ ಇದನ್ನು ಲಘುವಾಗಿ ಪರಿಗಣಿಸುವಂತಿಲ್ಲ. ತೋಟದ ನಡುವಿನ ಒಂಟಿ ಮನೆಯಿರಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೈತೋಟವಿರಲಿ, ಪುಟ್ಟ ನಾಯಿ ಓಡಾಡುವ ಜಾಗದಲ್ಲಿ ಯಾವ ಕೀಟಗಳಿವೆ, ಅವು ಕುಟುಕಿದರೆ ಏನಾಗುತ್ತದೆ, ಆಗ ಮಾಡಬೇಕಾದುದೇನು ಎಂಬುದನ್ನು ಅರಿತಿರುವುದು ಒಳಿತು.

ಚಿಕ್ಕ ನಾಯಿಗೇ ಏಕೆ ಹೆಚ್ಚು ಅಪಾಯ?

ಮೊದಲನೆಯದು ತೂಕದ ಲೆಕ್ಕ. ದೇಹತೂಕದ ಪ್ರತಿ ಕಿಲೋಗೆ ಸುಮಾರು 20 ಜೇನು ಕುಟುಕುಗಳು ಸಸ್ತನಿಗಳಿಗೆ ಮಾರಕವಾಗಬಲ್ಲವು ಎಂಬುದು ಪಶುವೈದ್ಯಕೀಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂದಾಜು. ಇದರಂತೆ 30 ಕಿಲೋ ತೂಗುವ ನಾಯಿಗೆ 600 ಕುಟುಕುಗಳು ಪ್ರಾಣಾಂತಿಕವಾದರೆ, 3 ಕಿಲೋ ತೂಗುವ ನಾಯಿಗೆ 60 ಸಾಕು. ಹತ್ತಾರು ಸಾವಿರ ನೊಣಗಳಿರುವ ಹೆಜ್ಜೇನಿನ ಒಂದು ಎರಿಯಿಂದ 60 ನೊಣಗಳು ಎದ್ದು ಬರುವುದಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಈ ಅಂದಾಜು ಮುಖ್ಯವಾಗಿ ಯುರೋಪಿನ ಜೇನಿನ ವಿಷವನ್ನು ಆಧರಿಸಿದ್ದು, ನಮ್ಮ ಹೆಜ್ಜೇನು ಅದಕ್ಕಿಂತ ದೊಡ್ಡ ನೊಣ ಎಂಬುದನ್ನೂ ನೆನಪಿಡಬೇಕು.

ಎರಡನೆಯದು ಎತ್ತರದ ಲೆಕ್ಕ. ಗಿಡ್ಡ ಕಾಲಿನ ನಾಯಿಯ ಮೂಗು ಸದಾ ನೆಲಮಟ್ಟದಲ್ಲೇ ಇರುತ್ತದೆ. ಹುಲ್ಲಿನ ನಡುವೆ ಅರಳಿದ ಮುಟ್ಟಿದರೆ ಮುನಿ ಹೂವಿಗೆ ಬೆಳಗಿನ ಹೊತ್ತು ಪರಾಗಕ್ಕಾಗಿ ಜೇನು ಮುತ್ತುತ್ತದೆ. ಅದೇ ಹೊತ್ತಿಗೆ ನಾಯಿಯ ಸವಾರಿಯೂ ಅಲ್ಲಿಗೆ ಚಿತ್ತೈಸುತ್ತದೆ. ಆದ್ದರಿಂದಲೇ ನಾಯಿಗಳಿಗೆ ಕುಟುಕು ಬೀಳುವುದು ಹೆಚ್ಚಾಗಿ ಮೂಗು, ತುಟಿ, ಕಣ್ಣಿನ ಸುತ್ತ ಮತ್ತು ಪಾದಗಳ ಅಡಿಗೆ.

ಮೂರನೆಯದು ಮುಖದ ರಚನೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪುಟ್ಟ ಪಗ್ ನಾಯಿ ಮನೆಮಾತಾಯಿತು. ಆ ತಳಿಗೆ ದೇಶದಲ್ಲಿ ಬೇಡಿಕೆಯೂ ಏರಿತು. ಆದರೆ ಚಪ್ಪಟೆ ಮೂತಿಯ ಈ ತಳಿಗಳ ಉಸಿರಿನ ದಾರಿ ಸಹಜವಾಗಿಯೇ ಇಕ್ಕಟ್ಟು. ಬಾಯಿ ಅಥವಾ ಗಂಟಲಿನ ಒಳಗೆ ಒಂದೇ ಒಂದು ಕುಟುಕು ಬಿದ್ದು ಊತ ಬಂದರೂ ಉಸಿರು ಕಟ್ಟುವ ಸಾಧ್ಯತೆ ಇಂಥ ನಾಯಿಗಳಲ್ಲಿ ಹೆಚ್ಚು. ಹಾರುವ ನೊಣವನ್ನು ಗಾಳಿಯಲ್ಲೇ ಕಚ್ಚಿ ಹಿಡಿಯುವ ಚಾಳಿಯ ಮರಿಗಳಿಗೂ ಇದೇ ಅಪಾಯ ಕಾದಿರುತ್ತದೆ.

ಕುಟುಕುವವರು ಯಾರು, ಕುಟುಕದವರು ಯಾರು?

ಅಂಗಳದಲ್ಲಿ ಗುಂಯ್‌ಗುಟ್ಟುವುದೆಲ್ಲವೂ ಶತ್ರುವಲ್ಲ. ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಂಡು ವಾಸಿಸುವ ಮುಜಂಟಿ ಅಥವಾ ಮಿಸ್ರಿ ಜೇನಿಗೆ ಚುಚ್ಚುವ ಮುಳ್ಳೇ ಇಲ್ಲ. ಒಣಮರ ಕೊರೆಯುವ ಕಪ್ಪು ದುಂಬಿ ಗಾತ್ರದಿಂದ ಹೆದರಿಸುತ್ತದೆಯೇ ಹೊರತು ಅದಾಗಿ ಮೇಲೆ ಬೀಳುವುದು ಅಪರೂಪ. ಅದರ ಗಂಡು ಚುಚ್ಚುವುದೇ ಇಲ್ಲ.

ತುಡುವೆ ಜೇನು ಪೊಟರೆ, ಹುತ್ತ, ಪೆಟ್ಟಿಗೆಗಳಲ್ಲಿ ನೆಲೆಸುವ ಸೌಮ್ಯ ಸ್ವಭಾವದ್ದು. ಬೇಲಿಯ ಗಿಡದ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು ಕೂಡ ಅಷ್ಟೇ. ಆದರೆ ಗೂಡಿನ ಬಾಗಿಲಿಗೇ ಮೂಗು ತೂರಿಸಿದರೆ ಇವೂ ಸುಮ್ಮನಿರುವುದಿಲ್ಲ. ನಿಜವಾದ ಭಯ ಹೆಜ್ಜೇನಿನದು. ಎತ್ತರದ ಮರ, ಬಂಡೆ, ನೀರಿನ ಟ್ಯಾಂಕ್, ಬಹುಮಹಡಿ ಕಟ್ಟಡಗಳ ಸಜ್ಜಾಗಳಲ್ಲಿ ಬಯಲಿಗೇ ತೂಗುಬಿದ್ದಿರುವ ಒಂದೇ ಎರಿ ಇದರ ಗುರುತು. ಕೆರಳಿದರೆ ಹಿಂಡಾಗಿ ಎರಗಿ, ದೂರದವರೆಗೂ ಬೆನ್ನಟ್ಟುತ್ತದೆ. ಬಹಳ ಸಲ ಇದನ್ನು ಕೆರಳಿಸುವುದು ಮನುಷ್ಯನೂ ಅಲ್ಲ, ನಾಯಿಯೂ ಅಲ್ಲ; ಎರಿಗೆ ಎರಗುವ ಜೇನುಗಿಡುಗ. ಹಕ್ಕಿ ಹಾರಿಹೋಗುತ್ತದೆ, ಸಿಟ್ಟು ಕೆಳಗಿದ್ದವರ ಮೇಲೆ ತಿರುಗುತ್ತದೆ.

ಕಣಜಗಳದು ಬೇರೆಯೇ ಕುಲ. ಕಿಟಕಿಯ ಮೂಲೆ, ಮಾಡಿನ ಪಕ್ಕಾಸಿಗೆ ಕಾಗದದಂಥ ಸಣ್ಣ ಗೂಡು ಕಟ್ಟುವ ಕಣಜ ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ನಡೆಸಿದ್ದು ಇಂಥದೇ ಒಂದು ಕಣಜದ ಸಾಮಾಜಿಕ ಬದುಕಿನ ಮೇಲೆ. ಇದಕ್ಕಿಂತ ದೊಡ್ಡದಾದ, ಹೊಟ್ಟೆಯ ಮೇಲೆ ಹಳದಿ ಪಟ್ಟಿಯಿರುವ ಕಡಜಗಳು ಪೊದೆ, ಮರದ ಟೊಂಗೆ, ಕೆಲವೊಮ್ಮೆ ನೆಲದ ಬಿಲಗಳಲ್ಲೂ ಗೂಡು ಮಾಡುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೂಡು ದೊಡ್ಡದಾಗಿರುತ್ತದೆ. ಬಿಲ ಕೆದಕುವ ಚಟವಿರುವ ಡ್ಯಾಶ್‌ಹೌಂಡ್‌ನಂಥ ನಾಯಿಗೆ ಇದು ಎಲ್ಲಕ್ಕಿಂತ ಕೆಟ್ಟ ನೆರೆಮನೆ.

ಇರುವೆಗಳಲ್ಲಿಯೂ ವ್ಯತ್ಯಾಸವಿದೆ. ಮಾವು, ಗೇರು ಮರದ ಎಲೆ ಹೆಣೆದು ಗೂಡು ಮಾಡುವ, ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಕುಟುಕುವುದಿಲ್ಲ. ಕಚ್ಚಿ, ಗಾಯದ ಮೇಲೆ ಆಮ್ಲ ಸಿಂಪಡಿಸುತ್ತದೆ. ನೆಲದಲ್ಲಿ ಗೂಡಿರುವ ಕೆಲವು ಸಣ್ಣ ಕೆಂಪಿರುವೆಗಳು ಮಾತ್ರ ಕಣಜದಂತೆಯೇ ಚುಚ್ಚಿ ವಿಷ ಬಿಡುತ್ತವೆ. ಕಣ್ಣು ಬಿಡದ ಮರಿಗಳನ್ನು ನೆಲದ ಮೇಲೆ ಗೋಣಿ ಹಾಸಿ ಮಲಗಿಸುವವರು ಇದನ್ನು ಗಮನಿಸಲೇಬೇಕು. ಚೇಳು ಕೀಟವಲ್ಲ, ಅದರ ವಿಷದ ರೀತಿಯೂ ಬೇರೆ. ಚೇಳು ಕುಟುಕಿದ ಅನುಮಾನವಿದ್ದರೆ ಕಾಯದೆ ಪಶುವೈದ್ಯರಲ್ಲಿಗೆ ಹೋಗುವುದೊಂದೇ ಮಾರ್ಗ.

ವಿಷ ಕೆಲಸ ಮಾಡುವ ಬಗೆ

ಜೇನಿನ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ. ಸಸ್ತನಿಗಳ ಚರ್ಮಕ್ಕೆ ಚುಚ್ಚಿದ ಮುಳ್ಳು ಹೊರಬರಲಾರದೆ, ವಿಷದ ಚೀಲದೊಂದಿಗೆ ಕಿತ್ತು ಅಲ್ಲಿಯೇ ಉಳಿಯುತ್ತದೆ. ಜೇನು ಸಾಯುತ್ತದೆ, ಆದರೆ ಚೀಲ ತಾನಾಗಿಯೇ ಮಿಡಿಯುತ್ತ ವಿಷವನ್ನು ಒಳಕ್ಕೆ ನೂಕುತ್ತಿರುತ್ತದೆ. ಹೆಚ್ಚಿನ ವಿಷ ಒಳಸೇರುವುದು ಮೊದಲ ಅರ್ಧ ನಿಮಿಷದೊಳಗೆ. ಕಣಜದ ಮುಳ್ಳು ನಯವಾದುದರಿಂದ ಅದು ಮುಳ್ಳನ್ನು ಬಿಟ್ಟುಹೋಗುವುದಿಲ್ಲ. ಒಂದೇ ಕಣಜ ಮತ್ತೆ ಮತ್ತೆ ಕುಟುಕಬಲ್ಲದು.

ಜೇನಿನ ವಿಷದ ಪ್ರಧಾನ ಅಂಶ ಮೆಲಿಟ್ಟಿನ್. ಇದು ಜೀವಕೋಶಗಳ ಪೊರೆಯನ್ನೇ ಒಡೆಯುತ್ತದೆ. ಜತೆಗಿರುವ ಕಿಣ್ವಗಳು ವಿಷ ಹರಡಲು ದಾರಿ ಮಾಡಿಕೊಡುತ್ತವೆ. ಒಂದೆರಡು ಕುಟುಕಾದರೆ ಆ ಜಾಗದಲ್ಲಿ ನೋವು, ಕೆಂಪು, ಊತ ಕಾಣಿಸಿಕೊಂಡು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಹುತೇಕ ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ. ಗಾಬರಿಪಡಬೇಕಾದ ಸಂದರ್ಭಗಳು ಎರಡು.

ಒಂದು, ಅಲರ್ಜಿ. ಹಿಂದೆ ಕುಟುಕಿಸಿಕೊಂಡ ನಾಯಿಯ ದೇಹ ಆ ವಿಷವನ್ನು ನೆನಪಿಟ್ಟುಕೊಂಡು, ಮುಂದಿನ ಬಾರಿ ಅತಿರೇಕದಿಂದ ಪ್ರತಿಕ್ರಿಯಿಸಬಹುದು. ಇದಕ್ಕೆ ತೂಕದ ಲೆಕ್ಕವಿಲ್ಲ, ಒಂದೇ ಕುಟುಕು ಸಾಕು. ಮನುಷ್ಯರಲ್ಲಿ ಇಂಥ ವೇಳೆ ಉಸಿರಾಟದ ತೊಂದರೆ ಎದ್ದು ಕಾಣುತ್ತದೆ. ನಾಯಿಗಳಲ್ಲಿ ಪೆಟ್ಟು ಬೀಳುವುದು ಮುಖ್ಯವಾಗಿ ಯಕೃತ್ತು ಮತ್ತು ಕರುಳಿಗೆ. ಆದ್ದರಿಂದ ಹಠಾತ್ ವಾಂತಿ, ಭೇದಿ, ನಿಲ್ಲಲಾರದ ನಿಶ್ಶಕ್ತಿ ಇವೇ ಮೊದಲ ಚಿಹ್ನೆಗಳು. 'ಏನೋ ತಿಂದಿರಬೇಕು' ಎಂದು ಮನೆಯವರು ಕಡೆಗಣಿಸುವುದು ಇಲ್ಲಿಯೇ.

ಇನ್ನೊಂದು, ವಿಷದ ಪ್ರಮಾಣ. ಹತ್ತಾರು ಕುಟುಕುಗಳು ಒಮ್ಮೆಗೇ ಬಿದ್ದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಸ್ನಾಯುಗಳು ಹಾನಿಗೊಳ್ಳುತ್ತವೆ, ಆ ತ್ಯಾಜ್ಯವೆಲ್ಲ ಮೂತ್ರಪಿಂಡದ ಮೇಲೆ ಹೊರೆಯಾಗುತ್ತದೆ. ಇಂಥ ನಾಯಿ ಆ ದಿನ ಚೇತರಿಸಿಕೊಂಡಂತೆ ತೋರಿ, ಒಂದೆರಡು ದಿನದ ನಂತರ ಕಾಫಿ ಬಣ್ಣದ ಮೂತ್ರ ವಿಸರ್ಜಿಸಿ ಕುಸಿಯುವುದುಂಟು.

ಅಂಗಳದಲ್ಲಿ ಎಚ್ಚರ ಎಲ್ಲೆಲ್ಲಿ?

ಬೇಸಿಗೆಯಲ್ಲಿ ಜೇನಿಗೆ ಹೂವಿನಷ್ಟೇ ನೀರೂ ಬೇಕು. ನಲ್ಲಿಯ ಬುಡ, ಬಟ್ಟೆ ಒಗೆಯುವ ಕಲ್ಲು, ಜಾನುವಾರಿನ ಕಲಗಚ್ಚಿನ ಬಾನಿ, ಇವುಗಳ ಸಾಲಿಗೆ ನಾಯಿಯ ನೀರಿನ ಬಟ್ಟಲೂ ಸೇರುತ್ತದೆ. ಬಟ್ಟಲನ್ನು ಮನೆಯೊಳಗಿಟ್ಟು, ಜೇನಿಗಾಗಿ ಅಂಗಳದ ದೂರದ ಮೂಲೆಯಲ್ಲಿ ಅಗಲ ತಟ್ಟೆಯಲ್ಲಿ ಕಲ್ಲು ಹರಳು ಹಾಕಿ ನೀರಿಡುವುದು ಎರಡಕ್ಕೂ ಹಿತ.

ಕಣಜ, ಕಡಜಗಳು ತಮ್ಮ ಮರಿಗಳಿಗೆ ಮಾಂಸದ ತುಣುಕು ಒಯ್ಯುತ್ತವೆ. ಮೀನು ಕೊಯ್ಯುವ ಜಾಗ, ನಾಯಿ ತಿಂದುಳಿಸಿದ ಅನ್ನ–ಮಾಂಸದ ತಟ್ಟೆಯ ಮೇಲೆ ಅವು ಸುಳಿದಾಡುವುದು ಇದಕ್ಕಾಗಿಯೇ. ಊಟವಾದ ಕೂಡಲೇ ತಟ್ಟೆ ತೊಳೆದಿಡಬೇಕು. ಮರದಡಿ ಬಿದ್ದು ಕೊಳೆಯುವ ಗೇರುಹಣ್ಣು, ಮಾವು, ಹಲಸಿನ ತ್ಯಾಜ್ಯಗಳೂ ಇವನ್ನು ಸೆಳೆಯುತ್ತವೆ. ಅವನ್ನು ದಿನವೂ ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು ಸೂಕ್ತ.

ಕಾಫಿ ನಾಡಿನಲ್ಲಿ ಮಾರ್ಚ್–ಏಪ್ರಿಲ್‌ನ ಹೂಮಳೆಯ ನಂತರ ತೋಟವಿಡೀ ಬೆಳ್ಳಗೆ ಅರಳುವ ದಿನಗಳಲ್ಲಿ ಜೇನಿನ ಸಂಚಾರ ಅತಿ ಹೆಚ್ಚು. ಕರಾವಳಿಯಲ್ಲಿ ರಬ್ಬರ್ ಮರಗಳು ಹೊಸ ಚಿಗುರು ಬಿಡುವ ತಿಂಗಳುಗಳೂ ಹಾಗೆಯೇ. ಈ ದಿನಗಳಲ್ಲಿ ನಾಯಿಯನ್ನು ಬಿಸಿಲೇರುವ ಮೊದಲು ಅಥವಾ ಸಂಜೆ ಹೊರಗೆ ಬಿಡುವುದು ಲೇಸು. ನಾಯಿ ಆಡುವ ಜಾಗದ ಹುಲ್ಲನ್ನು ಕತ್ತರಿಸಿ, ಮುಟ್ಟಿದರೆ ಮುನಿಯನ್ನು ಹೂ ಬಿಡುವ ಮೊದಲೇ ಸವರಿದರೆ ಅರ್ಧ ಸಮಸ್ಯೆ ಬಗೆಹರಿದಂತೆ. ರಾತ್ರಿ ಜಗಲಿಯ ದೀಪ ಅನಗತ್ಯವಾಗಿ ಉರಿಸದೆ, ಬೆಳಿಗ್ಗೆ ನಾಯಿಯನ್ನು ಬಿಡುವ ಮುನ್ನ ಗುಡಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ವಾರಕ್ಕೊಮ್ಮೆ ಮಾಡಿನ ಅಂಚು, ನಾಯಿಗೂಡಿನ ಒಳಮೈ, ಗೇಟಿನ ಕೊಳವೆ, ಮಗುಚಿಟ್ಟ ಹೂಕುಂಡ, ಸೌದೆ ರಾಶಿಗಳನ್ನು ಪರಿಶೀಲಿಸಿದರೆ ಕಣಜದ ಗೂಡು ಹೆಬ್ಬೆರಳಿನಷ್ಟಿರುವಾಗಲೇ ಕಣ್ಣಿಗೆ ಬೀಳುತ್ತದೆ.

ಕಟ್ಟಿಹಾಕಿದ ನಾಯಿಯ ಗತಿ

ಹೆಜ್ಜೇನಿನ ದಾಳಿಯಲ್ಲಿ ಮನುಷ್ಯರು ಓಡಿ ಪಾರಾಗುತ್ತಾರೆ. ಸರಪಳಿಯಲ್ಲಿರುವ ನಾಯಿ, ಕೊಟ್ಟಿಗೆಯಲ್ಲಿ ಕಟ್ಟಿದ ದನ ಓಡುವಂತಿಲ್ಲ. ಅವು ಒದ್ದಾಡಿದಷ್ಟೂ ನೊಣಗಳು ಹೆಚ್ಚು ಎರಗುತ್ತವೆ. ಇದಕ್ಕೆ ಕಾರಣವಿದೆ. ಕುಟುಕಿದ ಮುಳ್ಳಿನಿಂದ ಹೊರಡುವ, ಬಾಳೆಹಣ್ಣನ್ನು ಹೋಲುವ ವಾಸನೆಯ ರಾಸಾಯನಿಕವೊಂದು ಉಳಿದ ನೊಣಗಳಿಗೆ 'ಶತ್ರು ಇಲ್ಲಿದ್ದಾನೆ' ಎಂಬ ಸೂಚನೆ ನೀಡುತ್ತದೆ. ಮೊದಲ ಕುಟುಕು ಬಿದ್ದಲ್ಲಿಗೇ ನೂರನೆಯದೂ ಬಂದು ಬೀಳುತ್ತದೆ.

ಆದುದರಿಂದ ಜೇನಿರುವ ಮರ ಅಥವಾ ಕಟ್ಟಡದ ಕೆಳಗೆ ನಾಯಿಯನ್ನು ಕಟ್ಟಬಾರದು. ಬೇರೆಡೆ ಕಟ್ಟುವುದಿದ್ದರೂ ಒಂದೇ ಕೈಯಲ್ಲಿ ಕಳಚಬಹುದಾದ ಕೊಕ್ಕೆ ಇರಬೇಕು. ತಂತಿ ಸುತ್ತಿದ, ಬೀಗ ಹಾಕಿದ ಸರಪಳಿ ಬೇಡ. ನಾಯಿಗೂಡಿನ ಬಾಗಿಲೂ ಸುಲಭವಾಗಿ ತೆರೆಯುವಂತಿರಬೇಕು.

ಹಿಂಡು ಎರಗಿದಾಗ ಪುಟ್ಟ ನಾಯಿಯನ್ನು ದಪ್ಪ ಬಟ್ಟೆ, ಕಂಬಳಿ ಅಥವಾ ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಮನೆಯೊಳಗೆ ಅಥವಾ ಕಾರಿನೊಳಗೆ ಸೇರಿ ಬಾಗಿಲು ಮುಚ್ಚಬೇಕು. ತನ್ನ ಮುಖ, ತಲೆಯನ್ನು ಮುಚ್ಚಿಕೊಳ್ಳದೆ ಯಾರೂ ರಕ್ಷಣೆಗೆ ಧಾವಿಸಬಾರದು. ಬೀಸಿ ಹೊಡೆಯುವುದು, ಕಿರುಚಾಡುವುದು, ನಾಯಿಯನ್ನು ಕೆರೆಗೋ ತೊಟ್ಟಿಗೋ ದೂಡುವುದು ಪ್ರಯೋಜನಕ್ಕೆ ಬಾರದು. ನೊಣಗಳು ನೀರಿನ ಮೇಲೆಯೇ ಹೊಂಚುಹಾಕುತ್ತವೆ.

ಒಳಗೆ ಬಂದ ಮೇಲೂ ಅಪಾಯ ತೀರುವುದಿಲ್ಲ. ಪೊಮೆರೇನಿಯನ್‌ನಂಥ ದಟ್ಟ ರೋಮದ ನಾಯಿಯ ಮೈಯಲ್ಲಿ ಹತ್ತಾರು ನೊಣಗಳು ಸಿಕ್ಕಿಹಾಕಿಕೊಂಡಿರುತ್ತವೆ. ದಪ್ಪ ಕೈಗವಸು ತೊಟ್ಟು, ಬಾಚಣಿಗೆ ಅಥವಾ ಒದ್ದೆ ಟವೆಲಿನಿಂದ ಅವನ್ನು ಬಾಚಿ ತೆಗೆಯಬೇಕು. ಕಿವಿಯ ಒಳಗೆ, ತುಟಿಯ ಮಡಿಕೆ, ಬಾಲದ ಅಡಿ, ಬೆರಳುಗಳ ಸಂದು ತಪ್ಪದೆ ನೋಡಬೇಕು. ವಾಂತಿ, ನಿಶ್ಶಕ್ತಿಯ ಲಕ್ಷಣಗಳು ಕಂಡರೆ ಈ ಕೆಲಸವನ್ನು ಆಸ್ಪತ್ರೆಯ ದಾರಿಯಲ್ಲೇ ಮುಂದುವರಿಸುವುದು ಮೇಲು.

ಕುಟುಕಿದ ಮೇಲೆ: ಮೊದಲ ಅರ್ಧ ಗಂಟೆ

* ಮುಳ್ಳು ಕಾಣಿಸಿದರೆ ತಕ್ಷಣ ತೆಗೆಯಿರಿ. ಉಗುರಿನಿಂದ ಕೆರೆದು ತೆಗೆಯಬೇಕೇ, ಚಿಮಟದಿಂದ ಕೀಳಬೇಕೇ ಎಂಬ ಚರ್ಚೆ ಹಳೆಯದು. ವಿಧಾನಕ್ಕಿಂತ ವೇಗವೇ ಮುಖ್ಯ ಎಂಬುದನ್ನು 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ.
* ಕುತ್ತಿಗೆಯ ಪಟ್ಟಿಯನ್ನು ಬಿಚ್ಚಿ. ಮುಖ, ಕುತ್ತಿಗೆ ಊದಿಕೊಂಡರೆ ಅದೇ ಉರುಳಾಗುತ್ತದೆ.
* ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರಿನ ಪಟ್ಟಿಯನ್ನು ಐದು–ಹತ್ತು ನಿಮಿಷ ಇಡಿ.
* ಬಾಯಿಯೊಳಗೆ ಕುಟುಕಿದ್ದರೆ ನಾಲಗೆ, ಗಂಟಲು ಊದುತ್ತಿದೆಯೇ ಎಂದು ಗಮನಿಸಿ. ಉಸಿರಿನಲ್ಲಿ ಗೊರಗೊರ ಸದ್ದು ಕೇಳಿದರೆ ಕಾಯಬೇಡಿ.
* ಒಸಡಿನ ಬಣ್ಣ ನೋಡಿ. ಸಹಜವಾಗಿ ಗುಲಾಬಿಯಿರುವ ಒಸಡು ಬಿಳಿಚಿಕೊಂಡರೆ ರಕ್ತದೊತ್ತಡ ಕುಸಿಯುತ್ತಿರುವ ಸೂಚನೆ. ನಿಮ್ಮ ನಾಯಿಯ ಒಸಡು ಆರೋಗ್ಯವಾಗಿರುವಾಗ ಹೇಗಿರುತ್ತದೆ ಎಂಬುದನ್ನು ಇಂದೇ ನೋಡಿಟ್ಟುಕೊಳ್ಳಿ.
* ಕನಿಷ್ಠ ಅರ್ಧ ಗಂಟೆ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ತೀವ್ರ ಅಲರ್ಜಿ ಬಹುಪಾಲು ಈ ಅವಧಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಮನೆಮದ್ದು ಮಿತಿಯಲ್ಲಿರಲಿ

ಜೇನು ಕಡಿದಲ್ಲಿಗೆ ಸುಣ್ಣ ಹಚ್ಚುವುದು, ಈರುಳ್ಳಿ ತಿಕ್ಕುವುದು, ಸೀಮೆಎಣ್ಣೆ ಸವರುವುದು ನಮ್ಮಲ್ಲಿ ರೂಢಿ. ಮನುಷ್ಯರ ವಿಷಯ ಹೇಗೇ ಇರಲಿ, ನಾಯಿಗೆ ಇವು ಮೂರೂ ಸಲ್ಲ. ಮೈಗೆ ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ. ಸುಣ್ಣ ಬಾಯಿ, ಕಣ್ಣುಗಳನ್ನು ಸುಡುತ್ತದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿಕರ. ಸೀಮೆಎಣ್ಣೆ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ.

ಮನೆಯಲ್ಲಿರುವ ಮಾತ್ರೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂಥ ನೋವಿನ ಮಾತ್ರೆಗಳು ನಾಯಿಗೆ ಅಪಾಯಕಾರಿ. ಪುಟ್ಟ ನಾಯಿಗೆ ಅರ್ಧ ಮಾತ್ರೆಯೂ ಹೆಚ್ಚಾಗಬಹುದು. ಅಲರ್ಜಿ ನಿವಾರಕ ಔಷಧಿಗಳನ್ನು ಪಶುವೈದ್ಯರು ನಾಯಿಗೆ ನೀಡುವುದುಂಟು. ಆದರೆ ಅಂಗಡಿಯಲ್ಲಿ ಸಿಗುವ ಶೀತ–ಕೆಮ್ಮಿನ ಔಷಧಿಗಳಲ್ಲಿ ಅದರೊಂದಿಗೆ ಬೇರೆ ಅಂಶಗಳೂ ಬೆರೆತಿರುತ್ತವೆ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ನಾಯಿಯ ತೂಕ ತಿಳಿಸಿ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಈ ವಿಚಾರಣೆಯನ್ನು ಕುಟುಕಿಸಿಕೊಳ್ಳುವ ಮೊದಲೇ ಮಾಡಿಟ್ಟುಕೊಳ್ಳುವುದು ಜಾಣತನ.

ಆಸ್ಪತ್ರೆಗೆ ಯಾವಾಗ?

ಪದೇಪದೇ ವಾಂತಿ, ರಕ್ತಮಿಶ್ರಿತ ಭೇದಿ, ಬಿಳಿಚಿದ ಒಸಡು, ತೂರಾಟ, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು – ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡುವಂತಿಲ್ಲ. ಬಾಯಿ, ಗಂಟಲಿನಲ್ಲಿ ಕುಟುಕಿದ್ದರೆ, ಪುಟ್ಟ ನಾಯಿಗೆ ಐದಾರಕ್ಕಿಂತ ಹೆಚ್ಚು ಕುಟುಕು ಬಿದ್ದಿದ್ದರೆ ಲಕ್ಷಣಗಳಿಗೆ ಕಾಯದೆ ಹೊರಡುವುದು ಕ್ಷೇಮ. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಚುಚ್ಚುಮದ್ದು, ರಕ್ತನಾಳದ ಮೂಲಕ ದ್ರವ, ಅಗತ್ಯವಿದ್ದರೆ ಆಮ್ಲಜನಕ ನೀಡಲಾಗುತ್ತದೆ. ಜೇನಿನ ವಿಷಕ್ಕೆ ಹಾವಿನ ವಿಷಕ್ಕಿರುವಂಥ ಪ್ರತಿವಿಷ ಬಳಕೆಯಲ್ಲಿಲ್ಲ. ಸಕಾಲಿಕ ಆರೈಕೆಯೇ ಚಿಕಿತ್ಸೆ.

ಹೆಚ್ಚು ಕುಟುಕಿಸಿಕೊಂಡ ನಾಯಿ ಮನೆಗೆ ಮರಳಿದ ಬಳಿಕವೂ ಎರಡು ಮೂರು ದಿನ ಅದರ ಮೂತ್ರದ ಬಣ್ಣ, ಪ್ರಮಾಣ, ಆಹಾರ ಸೇವನೆಯ ಮೇಲೆ ನಿಗಾ ಇಡಬೇಕು. ಮೂತ್ರ ಕಪ್ಪಾದರೆ ಅಥವಾ ನಿಂತುಹೋದರೆ ಮತ್ತೆ ವೈದ್ಯರನ್ನು ಕಾಣಬೇಕು. ಒಮ್ಮೆ ತೀವ್ರ ಅಲರ್ಜಿ ಕಾಣಿಸಿಕೊಂಡ ನಾಯಿಗೆ ಮುಂದಿನ ಬಾರಿಗಾಗಿ ಮನೆಯಲ್ಲಿ ಏನು ಸಿದ್ಧವಿರಬೇಕೆಂದು ಕೇಳಿಟ್ಟುಕೊಳ್ಳಬೇಕು.

ಗ್ರಾಮೀಣ ಭಾಗದಲ್ಲಿ ರಾತ್ರಿ ವೇಳೆ, ರಜಾದಿನಗಳಲ್ಲಿ ಪಶುವೈದ್ಯರು ದೊರೆಯುವುದು ಕಷ್ಟ. ಹತ್ತಿರದ ಪಶು ಆಸ್ಪತ್ರೆ, ಖಾಸಗಿ ಕ್ಲಿನಿಕ್ ಮತ್ತು ಅವುಗಳ ಸಮಯವನ್ನು ಬರೆದು ಗೋಡೆಗೆ ಅಂಟಿಸಿಡುವುದು ಸಣ್ಣ ಕೆಲಸವಾದರೂ ಆಪತ್ತಿನಲ್ಲಿ ಅದೇ ದೊಡ್ಡದು. ಸಂಚಾರಿ ಪಶುಚಿಕಿತ್ಸಾ ಘಟಕಗಳ ಸಹಾಯವಾಣಿ 1962ನ್ನೂ ಅದರೊಂದಿಗೆ ಬರೆದಿಡಬಹುದು. ಆದರೆ ವಾಹನ ಬರಲಿ ಎಂದು ಕಾಯುತ್ತ ಕೂರುವುದಕ್ಕಿಂತ ನಾಯಿಯನ್ನು ತಾವೇ ಕೊಂಡೊಯ್ಯುವುದು ಸಾಮಾನ್ಯವಾಗಿ ಬೇಗವಾಗುತ್ತದೆ.

ಸುಡುವುದೊಂದೇ ದಾರಿಯಲ್ಲ

ಗೂಡು ಕಂಡೊಡನೆ ಪಂಜು ಹಚ್ಚಿ ಸುಡುವುದು, ಕೀಟನಾಶಕ ಸಿಂಪಡಿಸುವುದು ಹಲವರ ಮೊದಲ ಆಲೋಚನೆ. ಅರೆಬರೆ ಸುಟ್ಟ ಹೆಜ್ಜೇನು ಮರುದಿನವಿಡೀ ಕೆರಳಿ ಸುತ್ತಾಡುತ್ತದೆ. ಸಿಂಪಡಿಸಿದ ವಿಷ ಹುಲ್ಲಿನ ಮೇಲೆ ಕುಳಿತು ನಾಯಿಯ ಪಾದದಿಂದ ಬಾಯಿಗೆ ಸೇರುತ್ತದೆ. ಕುಟುಕಿನಿಂದ ಕಾಪಾಡಲು ಹೋಗಿ ವಿಷವುಣಿಸಿದಂತಾಗುತ್ತದೆ.

ಹೆಜ್ಜೇನು ವಲಸೆ ಹೋಗುವ ಜಾತಿ. ಹೂವಿನ ಕಾಲ ಮುಗಿದಾಗ ಎರಿ ಬಿಟ್ಟು ತಾನಾಗಿಯೇ ತೆರಳುತ್ತದೆ. ಎತ್ತರದಲ್ಲಿದ್ದು ಜನಸಂಚಾರಕ್ಕೆ ತೊಡಕಿಲ್ಲದಿದ್ದರೆ ಅಷ್ಟು ದಿನ ನಾಯಿಯನ್ನು ಬೇರೆ ಕಡೆ ಬಿಡುವುದೇ ಸುಲಭ. ತೀರಾ ತಗ್ಗಿನಲ್ಲಿದ್ದರೆ ಅನುಭವಿಗಳಿಂದಲೇ ತೆರವು ಮಾಡಿಸಬೇಕು. ಆ ಹೊತ್ತು ನಾಯಿ ಮನೆಯೊಳಗಿರಬೇಕು. ಗೋಡೆಯಲ್ಲೋ ಪೊಟರೆಯಲ್ಲೋ ಇರುವ ತುಡುವೆಯನ್ನು ಊರಿನ ಜೇನು ಕೃಷಿಕರು ಸಂತೋಷದಿಂದಲೇ ಪೆಟ್ಟಿಗೆಗೆ ತುಂಬಿಸಿ ಒಯ್ಯುತ್ತಾರೆ.

ತುಡುವೆಯ ಬೆಲೆ ಈ ನಾಡಿಗೆ ಗೊತ್ತಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಸಾಮೂಹಿಕವಾಗಿ ಬಲಿ ತೆಗೆದುಕೊಂಡಾಗ ಕೊಡಗು, ದಕ್ಷಿಣ ಕನ್ನಡದ ಪೆಟ್ಟಿಗೆಗಳು ಬರಿದಾಗಿದ್ದವು. ತೋಟದ ಫಸಲಿಗೆ ಜೇನು ಬೇಕು, ಮನೆಯ ಬಾಗಿಲಿಗೆ ನಾಯಿ ಬೇಕು. ನೀರಿನ ಬಟ್ಟಲನ್ನು ಒಳಗಿಡುವುದು, ಜಗಲಿ ಗುಡಿಸುವುದು, ಸರಪಳಿಗೆ ಸುಲಭದ ಕೊಕ್ಕೆ ಹಾಕುವುದು – ಒಂದೇ ಅಂಗಳದಲ್ಲಿ ಇವೆರಡೂ ಬಾಳಲು ಬೇಕಾಗುವ ಖರ್ಚು ಇಷ್ಟೇ.